ಐದು ಸೂತಿನ ಬೋಲ್ಟು ಮತ್ತು ರುಕ್ಮಾಬಾಯಿಯ ಬಾಲವಾಡಿ

ಹೋದ ವಾರ ನಮ್ಮ ಕುಕ್ಕರಿನ ಹಿಡಿ ಅಲುಗಾಡತೊಡಗಿತು. ಇಂಥ ಕೆಲಸವನ್ನು ನಾಳೆಗೆ ಇಡುವವಳು ನಾನಲ್ಲ. ಸನತ್‌ನಗರದ ನಮ್ಮ ಓಣಿಯ ತುದಿಗೆ ಒಂದು ಹಾರ್ಡ್‌ವೇರ್ ಅಂಗಡಿಯಿದೆ. ಸವೆದ ಸ್ಕ್ರೂವನ್ನು ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡು ಹೋದೆ. ಅಂಗಡಿಯವನು ಅದನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಯಾವುದೋ ಡಬ್ಬಿಗೆ ಕೈ ಹಾಕಿ ಹೊಸದೊಂದನ್ನು ತೆಗೆದುಕೊಟ್ಟು, "ಲೇ ಜಾವ್ ಅಮ್ಮಾ, ಆಂಖ್ ಬಂದ್ ಕರ್ಕೆ ಬಿಠಾಲೋ," ಎಂದ.

ಮನೆಗೆ ಬಂದು, ಅವನು ಹೇಳಿದಂತೆ ಕಣ್ಣು ಮುಚ್ಚಿ ಕೂರಿಸಲಿಲ್ಲ, ಆದರೆ ಕಿಟಕಿಯ ಹೊರಗೆ ಒಣಹಾಕಿದ ಬಟ್ಟೆಯ ಕಡೆ ನೋಡುತ್ತಲೇ ತಿರುಗಿಸಿದೆ. ಒಂದು ಸುತ್ತು ಹೋಯಿತು. ಎರಡನೆಯ ಸುತ್ತಿಗೆ ಬೆರಳು ತಾನಾಗಿಯೇ ನಿಂತಿತು. ಬಾಯಿಂದ, "ಪೋದು," ಎಂಬ ಮಾತು ಹೊರಬಿತ್ತು. ತೆಲುಗಿನಲ್ಲಿ ಹಾಗೆಂದರೆ ಹೋಗುವುದಿಲ್ಲ ಎಂದರ್ಥ.

ಪೇಪರಿನ ಹಿಂದಿನಿಂದ ನಮ್ಮವರು ನಕ್ಕರು. "ರುಕ್ಮಾಬಾಯಿ ಇನ್ನೂ ನಿನ್ನ ಬೆರಳಾಗ ಕುಂತಾಳ ನೋಡು."

ಸ್ಕ್ರೂ ವಾಪಸು ಕೊಟ್ಟು ಬೇರೆಯದನ್ನು ತಂದೆ. ಕೂತಿತು. ಅಂದು ಬೇಳೆಯೂ ಬೆಂದಿತು. ಆದರೆ ನಮ್ಮವರು ಆಡಿದ ಆ ಮಾತು ಒಲೆಯ ಮುಂದೆ ನಿಂತಾಗಲೂ, ಬಟ್ಟೆ ಮಡಿಚುವಾಗಲೂ ನನ್ನ ಹಿಂದೆಯೇ ಓಡಾಡಿತು. ನಿಮಗೂ ಹೇಳಿಬಿಡುತ್ತೇನೆ. ನಿಮ್ಮ ಕೈಯಲ್ಲಿ ಏನಾದರೂ ಕೆಲಸವಿದ್ದರೆ ಮಾಡುತ್ತಲೇ ಕೇಳಿ. ಇದು ಅಂಥ ಅವಸರದ ಕಥೆಯಲ್ಲ.

ನಾವು ಬೀದರ್ ಕಡೆಯವರು. ಮದುವೆಯಾದ ಮೇಲೆ ತೆಲುಗು ಸೀಮೆಯ ಈ ಸನತ್‌ನಗರಕ್ಕೆ ಬಂದೆ. ನಮ್ಮವರು ಆಗ ಇಲ್ಲಿನ ಇಂಡಸ್ಟ್ರಿಯಲ್ ಇಸ್ಟೇಟಿನ ಒಂದು ಬೋಲ್ಟು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಮುಂದಿನ ಖೋಲಿ, ಹಿಂದಿನ ಅಡುಗೆಮನೆ, ಇಷ್ಟೇ ಮನೆ. ಮಗಳಿಗೆ ನಾಲ್ಕು ತುಂಬಿದಾಗ ಅವಳನ್ನು ಆಟೋದಲ್ಲಿ ದೂರದ ಇಂಗ್ಲಿಷ್ ನರ್ಸರಿಗೆ ಕಳಿಸತೊಡಗಿದೆ. ಅವಳು ಟೈ ಕಟ್ಟಿಕೊಂಡು ಹೋಗುವುದನ್ನು ಓಣಿಯವರೆಲ್ಲ ನೋಡಲಿ ಎಂದು ಬಾಗಿಲಲ್ಲಿ ಒಂದು ನಿಮಿಷ ಹೆಚ್ಚೇ ನಿಲ್ಲುತ್ತಿದ್ದೆ. ಅವಳು ಹೋದಮೇಲೆ ಮನೆ ಬಿಕೋ ಎನ್ನುತ್ತಿತ್ತು. ಅದನ್ನು ನೋಡಿ ನಮ್ಮವರೇ ಒಂದು ದಿನ, "ಸುಮ್ಮ ಕುಂದರೋದ್ಕಿಂತ ಫ್ಯಾಕ್ಟರಿ ಬಾಲವಾಡಿಗೆ ಹೋಗಿ ಬಾ. ರುಕ್ಮಾಬಾಯಿಗೆ ಒಬ್ಬರು ಬೇಕಾಗ್ಯಾರ," ಎಂದರು.

ಬಾಲವಾಡಿ ಎಂದರೆ ದೊಡ್ಡದೇನೂ ಅಲ್ಲ. ಕಾರ್ಖಾನೆಯ ಹಿಂದೆ, ಮೊದಲು ಪ್ಯಾಕಿಂಗ್ ಪೆಟ್ಟಿಗೆ ಇಡುತ್ತಿದ್ದ ಒಂದು ಖೋಲಿ. ತಗಡಿನ ಮಾಡು, ಎರಡು ಕಿಟಕಿ. ಕಾರ್ಖಾನೆಯಲ್ಲಿ ದುಡಿಯುವವರ, ಅಕ್ಕಪಕ್ಕದ ಶೆಡ್ಡುಗಳಲ್ಲಿ ಕಸ ಹೊಡೆಯುವವರ ಇಪ್ಪತ್ತೆರಡು ಮಕ್ಕಳು. ಆರು ವರ್ಷದೊಳಗಿನವರು ಎಲ್ಲ. ಶೇಠ್‌ಜಿ, ಅಂದರೆ ಕಾರ್ಖಾನೆಯ ಮಾಲೀಕರು, ಅವರೂ ನಮ್ಮ ಕಡೆಯವರೇ, ಆ ಖೋಲಿ ಖಾಲಿ ಬಿದ್ದಿದೆ ಎಂದು ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟದ್ದು ಅಷ್ಟೇ, ಕೊಟ್ಟದ್ದಲ್ಲ. ಈ ವ್ಯತ್ಯಾಸ ಆಮೇಲೆ ತಿಳಿಯಿತು.

ರುಕ್ಮಾಬಾಯಿ ಭಾಲ್ಕಿ ಕಡೆಯ ಹೆಂಗಸು, ಆಗ ಐವತ್ತರ ಆಸುಪಾಸು. ಎತ್ತರದ ನಿಲುವು, ದಪ್ಪ ಕನ್ನಡಕ. ಸೊಂಟಕ್ಕೆ ಸಿಕ್ಕಿಸಿದ ಚೀಲದಲ್ಲಿ ಒಂದು ಚಿಕ್ಕ ಅರ. ಮಾತನಾಡಲು ನಿಂತರೆ ಒಂದೇ ಉಸಿರಿನಲ್ಲಿ ಮೂರು ನಾಲ್ಕು ಭಾಷೆ. ಮೊದಲ ದಿನ ನಾನು ಬಾಗಿಲಲ್ಲಿ ನಿಂತಾಗ ಅಳುತ್ತಿದ್ದ ಒಂದು ಮಗುವಿಗೆ ಆಕೆ ಹೇಳುತ್ತಿದ್ದುದು ಇದು: "ಬಾರೋ ಬೇಟಾ, ಇಕ್ಕಡ ಕೂಸೋ, ರೋನಾ ನಕ್ಕೋ, ಮೂಗು ಒರಸ್ಕೋ." ಮಗುವಿಗೆ ಇದರಲ್ಲಿ ಎಷ್ಟು ತಿಳಿಯಿತೋ, ಅಳು ನಿಲ್ಲಿಸಿ ಮೂಗು ಒರೆಸಿಕೊಂಡಿತು. ಆಮೇಲೆ ಮೂಗು ಒರೆಸುವುದು ನನ್ನ ಖಾತೆಗೆ ಬಂತು. ಹಾಜರಿ ಪುಸ್ತಕ ನನ್ನದು, ಹನ್ನೊಂದು ಗಂಟೆಗೆ ಚುರುಮುರಿ ಹಂಚುವುದು ನನ್ನದು, ಒದ್ದೆ ಚಡ್ಡಿ ಬದಲಿಸುವುದೂ ನನ್ನದು. ಉಳಿದದ್ದು ಟೀಚರ್ ರುಕ್ಮಾಬಾಯಿಯದು.

ನಾನು ಮೆಟ್ರಿಕ್ ಓದಿದವಳು, ನೋಡಿ. ಓದು ಎಂದರೆ ಪಾಟಿ, ಬಳಪ, ಸಾಲಾಗಿ ಕೂತ ಮಕ್ಕಳು ಎಂದು ತಿಳಿದಿದ್ದೆ. ಇಲ್ಲಿ ಪಾಟಿಯೇ ಇರಲಿಲ್ಲ. ಒಂದು ಟ್ರಂಕಿನ ತುಂಬ ನಟ್ಟು ಬೋಲ್ಟು. ಕಾರ್ಖಾನೆಯಲ್ಲಿ ಬಣ್ಣ ಹಿಡಿಯದ, ತಲೆ ಸೊಟ್ಟಗಾದ ಮಾಲನ್ನು ನಮ್ಮವರು ಸ್ಟೋರಿನಿಂದ ಕೊಡುತ್ತಿದ್ದರು. ರುಕ್ಮಾಬಾಯಿ ಅವನ್ನು ಸೋಡಾ ನೀರಿನಲ್ಲಿ ಕುದಿಸಿ ಎಣ್ಣೆ ತೆಗೆದು, ಚೂಪಾದ ಅಂಚುಗಳನ್ನೆಲ್ಲ ಆ ಚಿಕ್ಕ ಅರದಿಂದ ಉಜ್ಜಿ, ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡು ಒಳಗೆ ಬಿಡುತ್ತಿದ್ದಳು. ಮಗುವಿನ ಬಾಯಿಗೆ ಹೋಗುವಂಥ ಸಣ್ಣದು ಒಂದೂ ಇರಲಿಲ್ಲ. ಎಲ್ಲವೂ ಹೆಬ್ಬೆರಳಿಗಿಂತ ದಪ್ಪ.

ಆಟ ಇಷ್ಟೇ. ಬಟ್ಟೆಯ ಚೀಲದೊಳಗೆ ಎರಡೂ ಕೈ ಹಾಕಬೇಕು. ಒಳಗೆ ಒಂದು ಬೋಲ್ಟು, ನಾಲ್ಕೈದು ನಟ್ಟು. ನೋಡದೆ, ಬೆರಳಿನಿಂದಲೇ ಹೊಂದುವ ನಟ್ಟನ್ನು ಹುಡುಕಿ ಕೂರಿಸಬೇಕು. ಕೂತರೆ "ಪೋತದಿ!" ಎಂದು ಕೂಗುವುದು. ಕೂರದಿದ್ದರೆ "ಪೋದು," ಎಂದು ಬೇರೆಯದನ್ನು ಹಿಡಿಯುವುದು. ಬೇಸರವಾದರೆ ಚೀಲ ಬಿಟ್ಟು ಎದ್ದು ಹೋಗಬಹುದು. ಸೋತವರು ಗೆದ್ದವರು ಎಂದಿಲ್ಲ. ರುಕ್ಮಾಬಾಯಿಯ ನಿಯಮ ಒಂದೇ. "ಒತ್ತಬ್ಯಾಡ. ಹೋಗಂಗಿಲ್ಲ ಅಂದ್ರ ಹಿಂದಕ ತಿರುವು, ಮತ್ತ ನೋಡು." ದಿನಕ್ಕೆ ನೂರು ಸಲವಾದರೂ ಹೇಳುತ್ತಿದ್ದಳು. ಮಕ್ಕಳು ಜಗಳವಾಡಿದಾಗಲೂ ಅದನ್ನೇ, ಗುಂಡಿ ಹಾಕಿಕೊಳ್ಳಲು ಬಾರದೆ ಅತ್ತಾಗಲೂ ಅದನ್ನೇ.

ಮೊದಲ ತಿಂಗಳು ನನಗೆ ನಗು ಬರುತ್ತಿತ್ತು. "ಟೀಚರ್, ಎ ಬಿ ಸಿ ಯಾವಾಗ ಹೇಳಿಕೊಡ್ತೀರಿ? ತಾಯಂದಿರು ಕೇಳಾಕತ್ತಾರ," ಎಂದೆ. ತಾಯಂದಿರಿಗಿಂತ ನಾನೇ ಕೇಳುತ್ತಿದ್ದೆ ಎಂಬುದು ಆಕೆಗೆ ಗೊತ್ತಿತ್ತು.

"ಬೆರಳು ಮೊದಲು ಓದಲಿ ತಂಗೀ. ಬೆರಳು ಓದಿದ್ರ ಪೆನ್ನು ಎಲ್ಲಿ ಹೋಗ್ತೈತಿ?" ಎಂದಳು.

ಒಂದು ದಿನ ನಾನೂ ಚೀಲದಲ್ಲಿ ಕೈ ಹಾಕಿದೆ. ಇಲ್ಲಿ ಒಂದು ಸಣ್ಣ ವಿಷಯ ತಿಳಿದಿರಬೇಕು. ಕಾರ್ಖಾನೆಯಲ್ಲಿ ಎರಡು ಬಗೆಯ ಬೋಲ್ಟು ತಯಾರಾಗುತ್ತಿದ್ದವು. ಒಂದು ಹದಿನಾರು ಎಂಎಂ. ಇನ್ನೊಂದು ಹಳೆಯ ಇಂಚಿನ ಅಳತೆಯದು, ಅದನ್ನು ಎಲ್ಲರೂ ಐದು ಸೂತು, ಅಂದರೆ ಇಂಚಿನ ಎಂಟರಲ್ಲಿ ಐದು ಪಾಲು, ಎನ್ನುತ್ತಿದ್ದರು. ಎರಡೂ ಅವಳಿಜವಳಿ ಇದ್ದಂತೆ, ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಸುತ್ತ ಕೊರೆದ ತಿರುಪಿನ ಎಳೆ ಬೇರೆ. ಒಂದರ ನಟ್ಟು ಇನ್ನೊಂದಕ್ಕೆ ಒಂದು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಬಲವಂತ ಮಾಡಿದರೆ ಎರಡೂ ಹಾಳು. ನಾನು ಬಲವಂತ ಮಾಡಿದೆ. ಬಿಡಿಸಿಕೊಳ್ಳಲು ನಮ್ಮವರ ಪಾನಾ, ಅಂದರೆ ಸ್ಪ್ಯಾನರ್, ಬೇಕಾಯಿತು. ನನ್ನ ಪಕ್ಕದಲ್ಲಿ ಅನಿತ ಎಂಬ ನಾಲ್ಕು ವರ್ಷದ ಹುಡುಗಿ ಕುಳಿತಿದ್ದಳು, ಕಾರ್ಖಾನೆಯಲ್ಲಿ ಲೋಹದ ಚೂರು ಗುಡಿಸುವ ಯಾದಮ್ಮನ ಮಗಳು. ಅವಳು ನನ್ನ ಕೈಯನ್ನು ನೋಡಿ, ಟೀಚರಿನ ದನಿಯಲ್ಲಿಯೇ, "ಒತ್ತಬ್ಯಾಡ," ಎಂದಳು. ಅವಳ ಮನೆಮಾತು ತೆಲುಗು. ಕನ್ನಡದಲ್ಲಿ ಅವಳು ಆಡಿದ ಮೊದಲ ಮಾತು ಅದೇ ಇರಬೇಕು, ಅದೂ ನನ್ನನ್ನು ಗದರಲು.

ಹೀಗೆ ಒಂದು ವರ್ಷ ನಡೆಯಿತು. ಆ ವರ್ಷದ ದಸರೆಗೆ ಹದಿನೈದು ದಿನ ಇರುವಾಗ ಶೇಠ್‌ಜಿ ಖೋಲಿಗೆ ಬಂದರು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, "ಬಾಯೀ, ಹೊಸಾ ಮಷೀನು ಬರಾಕತ್ತೈತಿ. ದಸರಾ ಆದಮ್ಯಾಲ ಖೋಲಿ ಬೇಕಾಗ್ತೈತ್ರಿ," ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಹೇಳುವಾಗ ಮಕ್ಕಳ ಕಡೆ ನೋಡಲಿಲ್ಲ, ಅಷ್ಟೇ.

ರುಕ್ಮಾಬಾಯಿ ಆ ಹದಿನೈದು ದಿನ ಊರೆಲ್ಲ ಖೋಲಿ ಹುಡುಕಿದಳು. ಗುಡಿಯವರು ಹಬ್ಬದ ಸಾಮಾನಿಗೆ ಬೇಕು ಎಂದರು. ಯೂನಿಯನ್ನಿನವರು ನೋಡೋಣ ಎಂದರು. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಆಕೆಯ ದೂರದ ಸಂಬಂಧಿ ಒಬ್ಬರು ಅಟ್ಟದ ಮೇಲೆ ಜಾಗವಿದೆ ಎಂದರಂತೆ. ಸನತ್‌ನಗರದ ಮಕ್ಕಳನ್ನು ಅಷ್ಟು ದೂರ ಹೊತ್ತು ಹೋಗುವವರು ಯಾರು? ಖೋಲಿ ಹೋದರೆ ಇಪ್ಪತ್ತೆರಡು ಮಕ್ಕಳು ಮತ್ತೆ ತಾಯಂದಿರ ಜೊತೆ ಮಷೀನಿನ ಕೆಳಗೆ, ಚೂರುಗಳ ನಡುವೆ. ಆಕೆ ಅರ ಉಜ್ಜುವುದು ಸ್ವಲ್ಪ ಜೋರಾಯಿತು.

ಖಂಡೇಪೂಜೆಯ ದಿನ ಬಂತು. ಆಯುಧಪೂಜೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಕಾರ್ಖಾನೆ ತೊಳೆದು, ಮಷೀನುಗಳಿಗೆ ಚೆಂಡುಹೂ ಕಟ್ಟಿ, ಒಂದು ಮಣೆಯ ಮೇಲೆ ಎಲ್ಲ ಹತ್ಯಾರಗಳನ್ನೂ ಸಾಲಾಗಿ ಜೋಡಿಸಿ ಕುಂಕುಮ ಹಚ್ಚುತ್ತಾರೆ. ಪಾನಾ, ಅರ, ಅಳತೆಯ ಗೇಜುಗಳು, ಎಲ್ಲ. ಪೂಜೆಗಿಟ್ಟ ಹತ್ಯಾರವನ್ನು ಮರುದಿನ ಬೆಳಿಗ್ಗೆ ಮರುಪೂಜೆ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದವರ ಕೈಗೆ ಆ ವರ್ಷ ಪೆಟ್ಟಾಗುತ್ತದೆ ಎಂದು ಕೆಲಸಗಾರರ ನಂಬಿಕೆ. ಶೇಠ್‌ಜಿಯದೂ.

ನಾನು ಸ್ಟೋರ್‌ಕೀಪರನ ಹೆಂಡತಿ. ಸ್ಟೋರು ಚೊಕ್ಕಟ ಕಾಣಬೇಕೆಂಬ ಹಂಬಲ. ಕಾರ್ಖಾನೆಯ ಪೂಜೆ ಮುಗಿದು ಸ್ಟೋರಿನದು ಉಳಿದಿತ್ತು, ನಮ್ಮವರು ಅದಕ್ಕೆ ಕುಂಬಳಕಾಯಿ ತರಲು ಹೋಗಿದ್ದರು. ನೋಡಿದರೆ ಬಾಗಿಲ ಹತ್ತಿರವೇ ಎಣ್ಣೆ ಹಿಡಿದು ಕರ್ರಗಾದ ಎರಡು ದೊಡ್ಡ ಡಬ್ಬಗಳು, ಎರಡರಲ್ಲೂ ಬೋಲ್ಟು. ಇಂಥ ಡಬ್ಬಕ್ಕೆ ಕುಂಕುಮ ಹಚ್ಚುವುದು ಹೇಗೆ? ತಾಡಪತ್ರಿ ಹಾಸಿ ಎರಡನ್ನೂ ಅದರ ಮೇಲೆ ಸುರಿದೆ. ಡಬ್ಬಗಳನ್ನು ಸೋಡಾ ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು, ಅರಿಶಿನ ಹಚ್ಚಿದೆ. ಹೊಳೆಯುತ್ತಿದ್ದವು. ನಾನೂ ಹೊಳೆಯುತ್ತಿದ್ದೆ ಎನ್ನಿ.

ನಮ್ಮವರು ಬಂದವರು ಕುಂಬಳಕಾಯಿಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಅವರು ದನಿ ಏರಿಸುವವರಲ್ಲ.

"ಎರಡೂ ಒಂದರಾಗ ಸುರಿದೇನು?"

"ಎರಡೂ ಬೋಲ್ಟs ಅಲ್ಲೇನ್ರಿ?"

ಆ ಕಾರ್ಖಾನೆಯ ಅಂಗಳದಲ್ಲಿ ಒಂದು ವರ್ಷ ಕಳೆದವಳು, ಚೀಲದೊಳಗೆ ಕೈ ಹಾಕಿ ನಟ್ಟು ಕಚ್ಚಿಸಿಕೊಂಡವಳು, ಈ ಪ್ರಶ್ನೆ ಕೇಳಿದ್ದೆ. ಒಂದು ಡಬ್ಬದಲ್ಲಿ ಹದಿನಾರು ಎಂಎಂ, ಇನ್ನೊಂದರಲ್ಲಿ ಐದು ಸೂತು. ಹದಿನಾರರದು ಟ್ರ್ಯಾಕ್ಟರ್ ಟ್ರೇಲರಿನವರ ಆರ್ಡರು. ವಿಜಯದಶಮಿಯ ಬೆಳಿಗ್ಗೆ, ಮರುಪೂಜೆಯಾದ ಬೆನ್ನಿಗೇ, ಬನ್ನಿ ಕೊಡುವ ಮೊದಲೇ, ಆ ವರ್ಷದ ಮೊದಲ ಮಾಲು ಎಂದು ಶೇಠ್‌ಜಿ ಮುಹೂರ್ತ ನೋಡಿ ಲಾರಿ ಹೇಳಿದ್ದರು. ಬೇರ್ಪಡಿಸುವ ಗೇಜುಗಳು ಮಣೆಯ ಮೇಲೆ, ಕುಂಕುಮದ ಕೆಳಗೆ. ಗೇಜಿಲ್ಲದೆ ಎಳೆ ಹಿಡಿಯಬಲ್ಲ ಹಳೆಯ ಕೆಲಸಗಾರರು ಪೂಜೆ ಮುಗಿಸಿ, ಬೂಂದಿಲಾಡು ತೆಗೆದುಕೊಂಡು, ಹಬ್ಬ ಆಚರಿಸಲು ಹೋಗಿಯಾಗಿತ್ತು. ಹೇಗೆ ಆಚರಿಸುತ್ತಾರೆಂದು ಬೇರೆ ಹೇಳಬೇಕಿಲ್ಲ; ಸಂಜೆಯ ಹೊತ್ತಿಗೆ ಅವರ ಬೆರಳು ಯಾವ ಎಳೆಯನ್ನೂ ಹಿಡಿಯುವ ಸ್ಥಿತಿಯಲ್ಲಿರುತ್ತಿರಲಿಲ್ಲ.

ಶೇಠ್‌ಜಿ ಬಂದರು, ರಾಶಿ ನೋಡಿದರು, ನನ್ನನ್ನು ನೋಡಿದರು. ನಾನು ಸೆರಗು ಹೊದ್ದುಕೊಂಡು ಡಬ್ಬದ ಹಿಂದೆ ನಿಂತೆ.

ಅಷ್ಟರಲ್ಲಿ ರುಕ್ಮಾಬಾಯಿ ಮಕ್ಕಳನ್ನು ಕರೆತಂದಳು. ಪ್ರತಿವರ್ಷ ಮಕ್ಕಳಿಗೂ ಲಾಡು ಕೊಡುವ ರೂಢಿ. ಎಲ್ಲರೂ ಲಾಡಿಗೆ ಕೈಯೊಡ್ಡಿದರೆ ಅನಿತ ಮಾತ್ರ ತಾಡಪತ್ರಿಯ ಅಂಚಿಗೆ ಕುಳಿತುಬಿಟ್ಟಳು. ಅಷ್ಟು ಬೋಲ್ಟುಗಳನ್ನು ಅವಳು ಒಂದೇ ಕಡೆ ನೋಡಿರಲಿಲ್ಲ. ಅಲ್ಲೇ ಬಿದ್ದಿದ್ದ ಒಂದು ನಟ್ಟು ಎತ್ತಿಕೊಂಡು ತಿರುಗಿಸತೊಡಗಿದಳು. "ಪೋತದಿ... ಪೋದು... ಪೋದು... ಪೋತದಿ." ಹೋದದ್ದು ಬಲಕ್ಕೆ, ಹೋಗದ್ದು ಎಡಕ್ಕೆ. ಎರಡು ಸಣ್ಣ ಗುಡ್ಡೆಗಳು ಏಳತೊಡಗಿದವು. ಅವಳನ್ನು ನೋಡಿ ಇನ್ನಿಬ್ಬರು ಬಂದು ಕೂತರು.

ಶೇಠ್‌ಜಿ ಬಗ್ಗಿ ಎಡಗಡೆಯ ಗುಡ್ಡೆಯಿಂದ ಒಂದೊಂದೇ ಎತ್ತಿ, ಉಗುರಿನಿಂದ ಎಳೆ ಮುಟ್ಟಿ ನೋಡಿದರು. ಅವರೂ ಒಂದು ಕಾಲದಲ್ಲಿ ಲೇಥ್ ನಡೆಸಿದವರೇ. ಎಲ್ಲವೂ ಐದು ಸೂತು.

"ಬಾಯೀ! ಇವೇನು ಕೂಸೋ ಕಾರೀಗರೋ?" ಎಂದರು. ಮುಖದಲ್ಲಿ ಹಬ್ಬ ಮರಳಿ ಬಂದಿತ್ತು. "ಎಲ್ಲಾರ್ನೂ ಕುಂದ್ರಸ್ರಿ. ಎರಡು ತಾಸಿನ ಕೆಲಸ. ಆ ಖೋಲಿ ನಿಮಗs ಇರಲಿ. ಮಷೀನು ನಾ ಬ್ಯಾರೆ ಕಡೆ ಇಡ್ತೀನಿ. ದೇವರ ಮುಂದ ನಿಂತು ಜಬಾನ್ ಕೊಡಾಕತ್ತೀನಿ."

ನನ್ನ ತಪ್ಪು ಮುಚ್ಚಿಹೋಯಿತು, ಖೋಲಿಯೂ ಉಳಿಯಿತು, ಮಕ್ಕಳಿಗೆ ಆಟಕ್ಕೆ ಆಟ. ಇದಕ್ಕಿಂತ ಇನ್ನೇನು ಬೇಕು?

ರುಕ್ಮಾಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಬರೋ ವರ್ಷ ಮತ್ತ ಹಿಂಗ ಕೂಡಿದ್ರ?"

"ಮತ್ತ ಕುಂದ್ರಸೂಣಂತ."

"ಅದಕ್ಕs ಬ್ಯಾಡ ಅನ್ನಾಕತ್ತೀನಿ, ಶೇಠ್‌ಜಿ."

"ಅಲ್ರೀ, ದಿನಾ ನಿಮ್ಮ ಖೋಲ್ಯಾಗ ಅವು ಮಾಡೋದs ಇದು!"

"ದಿನಾ ಮಾಡ್ತಾವ. ಬ್ಯಾಸರಾತಂದ್ರ ಎದ್ದು ಹೋಗ್ತಾವ. ನಿಮ್ಮ ತಾಡಪತ್ರಿ ಮ್ಯಾಲಿಂದ ಎದ್ದು ಹೋಗಾಕ ಬಿಡ್ತೀರೇನು?"

ಶೇಠ್‌ಜಿಗೆ ಸಿಟ್ಟು ಬಂತು. ಹಬ್ಬದ ದಿನ ಕೆಲಸದವರೆದುರು ಬೇಡ ಅನ್ನಿಸಿಕೊಳ್ಳುವುದು ಯಾರಿಗೂ ಹಿತವಲ್ಲ. "ಮುಂದ ಇವೇನು ಕಲೆಕ್ಟರ್ ಆಗ್ತಾವೇನು? ಇದs ಇಸ್ಟೇಟಿನಾಗ ನಟ್ಟು ತಿರುವೋವು."

"ತಿರುವಲಿ. ಪಕ್ಕಾ ಕಾರೀಗರ ಆಗಿ ತಿರುವಲಿ, ನಿಮ್ಮ ಫ್ಯಾಕ್ಟರಿಗೇ ಬರಲಿ. ಅದಕ್ಕಿನ್ನೂ ಹದಿನೈದು ವರ್ಷ ಬೇಕು. ಈಗs ನೀವು ಈ ಕೈ ತಗೊಂಡ್ರಿ ಅಂದ್ರ ಆವಾಗ ನಿಮಗ ಸಿಗೋದು ಎಂಥಾ ಕೈ?"

ಹೇಳುತ್ತಲೇ ಬಗ್ಗಿ ಅನಿತಳನ್ನು ತಾಡಪತ್ರಿಯ ಮೇಲಿಂದ ಎತ್ತಿದಳು. ಆಟ ಕಸಿದುಕೊಂಡರೆ ಯಾವ ಮಗು ಸುಮ್ಮನಿರುತ್ತದೆ? ಅನಿತ ಕಾಲು ಝಾಡಿಸಿ ಕಿರುಚಿದಳು. ಇದುವರೆಗೆ ಸುಮ್ಮನೆ ನಿಂತಿದ್ದ ಯಾದಮ್ಮ ಮುಂದೆ ಬಂದಳು. "ರೆಂಡು ಗಂಟಲೇ ಕದಾ, ಟೀಚರಮ್ಮಾ!" ಎಂದಳು. ಎರಡೇ ತಾಸು ಅಲ್ಲವೇ, ಖೋಲಿ ಉಳಿಯುತ್ತದಲ್ಲ, ನನ್ನ ಮಗಳು ನಾಳೆಯಿಂದ ಎಲ್ಲಿರಬೇಕು ಎಂದು ತೆಲುಗಿನಲ್ಲಿ ಒಂದೇ ಸಮನೆ ಕೇಳಿದಳು. ಅವಳು ಕೇಳಿದ್ದು ಸುಳ್ಳಾಗಿರಲಿಲ್ಲ. ರುಕ್ಮಾಬಾಯಿ ಅಳುವ ಮಗುವನ್ನು ತಾಯಿಯ ಕೈಗೆ ಕೊಟ್ಟಳು. ಉಳಿದವರಿಗೆ ಲಾಡು ಕೊಡಿಸಿ ಮನೆಗೆ ಕಳಿಸಿದಳು.

ಆಮೇಲೆ ಬಂದು ತಾನೇ ತಾಡಪತ್ರಿಯ ಮೇಲೆ ಕಾಲು ಚಾಚಿ ಕೂತು, ಒಂದು ನಟ್ಟು ಎತ್ತಿಕೊಂಡಳು. "ಬಾ ತಂಗೀ," ಎಂದಳು ನನಗೆ. "ಸುರಿದಾಕಿ ನೀನs ಅಲ್ಲ?"

ನಾನು ಕೂತೆ. ನಮ್ಮವರು ಕೂತರು. ಸ್ವಲ್ಪ ಹೊತ್ತಿಗೆ ಯಾದಮ್ಮ, ಮಗಳನ್ನು ಮಲಗಿಸಿ ಬಂದು, ಟೀಚರಿನ ಕಡೆ ನೋಡದೆ ಕೂತಳು. ಇನ್ನಿಬ್ಬರು ತಾಯಂದಿರೂ ಬಂದರು. ಬೇರ್ಪಡಿಸಿ ಮುಗಿಸುವಾಗ ದೀಪ ಹಚ್ಚುವ ಹೊತ್ತಾಗಿತ್ತು. ರುಕ್ಮಾಬಾಯಿಯ ಕೈ ಅಷ್ಟೇನೂ ಚುರುಕಲ್ಲ ಎಂಬುದು ಆಗ ಗೊತ್ತಾಯಿತು. ಮಕ್ಕಳಿಗೆ ಕಲಿಸಿದ್ದು ತನಗೇ ಅಷ್ಟು ಬೇಗ ಬರುತ್ತಿರಲಿಲ್ಲ. ಮರುದಿನ ಮರುಪೂಜೆಯಾದ ಮೇಲೆ ನಮ್ಮವರು ಗೇಜು ಹಿಡಿದು ನೋಡಿದರೆ ಹನ್ನೊಂದು ಬೋಲ್ಟು ತಪ್ಪು. ಹನ್ನೊಂದೂ ನನ್ನ ಗುಡ್ಡೆಯವು. ಲಾರಿ ಮುಹೂರ್ತಕ್ಕೆ ಹೊರಟಿತು. ಶೇಠ್‌ಜಿ ಎಲ್ಲರಿಗೂ ಬನ್ನಿ ಕೊಟ್ಟರು, ರುಕ್ಮಾಬಾಯಿಗೂ. ದೀಪಾವಳಿಗೆ ಖೋಲಿಯನ್ನೂ ತೆಗೆದುಕೊಂಡರು.

ಆ ದಿನ ಟ್ರಂಕು ಎಲ್ಲಿಡಬೇಕೆಂದು ತಿಳಿಯದೆ ರುಕ್ಮಾಬಾಯಿ ಅಂಗಳದಲ್ಲಿ ಅದರ ಮೇಲೆಯೇ ಕೂತಿದ್ದಳು. ನಾನು ಏನನ್ನೂ ಯೋಚಿಸಿರಲಿಲ್ಲ. "ಸದ್ಯಕ್ಕ ನಮ್ಮನ್ಯಾಗ ಇಡ್ರಿ," ಎಂದೆ. ಸದ್ಯಕ್ಕೆ ಎಂದದ್ದು ಆರು ವರ್ಷವಾಯಿತು.

ನಮ್ಮ ಮುಂದಿನ ಖೋಲಿಯಲ್ಲಿ ಆರು ವರ್ಷ ಬಾಲವಾಡಿ ನಡೆಯಿತು. ಕುರ್ಚಿಗಳು ಮಂಚದ ಮೇಲೆ, ಮಂಚ ಗೋಡೆಗೆ. ಊರಿನಿಂದ ಯಾರಾದರೂ ಬಂದರೆ ಅಡುಗೆಮನೆಯಲ್ಲಿ ಕೂರಬೇಕು. "ನನ್ನ ಮನ್ಯಾಗ ನನಗs ಕುಂದರಾಕ ಜಾಗ ಇಲ್ಲ," ಎಂದು ನಮ್ಮವರು ಹೇಳುತ್ತಿದ್ದರು, ಹೇಳುತ್ತಲೇ ಸ್ಟೋರಿನಿಂದ ಹೊಸ ರಿಜೆಕ್ಟು ಮಾಲು ತಂದು ಟ್ರಂಕಿಗೆ ಹಾಕುತ್ತಿದ್ದರು. ಯಾದಮ್ಮ ಮೂರು ದಿನ ಸಿಟ್ಟು ಮಾಡಿ ನಾಲ್ಕನೆಯ ದಿನ ಅನಿತಳನ್ನು ಬಿಟ್ಟು ಹೋದಳು. ನಮ್ಮ ಟೈ ಕಟ್ಟಿದ ಮಗಳು ಮಧ್ಯಾಹ್ನ ಆಟೋ ಇಳಿದವಳೇ ಟೈ ಬಿಸಾಕಿ ಚೀಲಕ್ಕೆ ಕೈ ಹಾಕುತ್ತಿದ್ದಳು. ಪಕ್ಕದ ಓಣಿಯಲ್ಲಿ ಸರಕಾರದ ಅಂಗನವಾಡಿ ಆದಮೇಲೆ ಮಕ್ಕಳು ಅಲ್ಲಿಗೆ ಹೋದರು. ರುಕ್ಮಾಬಾಯಿಗೆ ಕಾಲು ನೋವು, ಭಾಲ್ಕಿಗೆ ತಂಗಿಯ ಮನೆಗೆ ಹೋದಳು. ಅಲ್ಲಿಯೇ ತೀರಿಕೊಂಡಳೆಂದು ಫೋನು ಬಂದು ನಾಲ್ಕು ವರ್ಷವಾಯಿತು.

ಆ ಮಕ್ಕಳೆಲ್ಲ ದೊಡ್ಡ ಕಾರೀಗರರಾದರು ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಒಬ್ಬ ಗಚ್ಚಿಬೌಲಿಯಲ್ಲಿ ಕ್ಯಾಬ್ ಓಡಿಸುತ್ತಾನೆ. ಒಬ್ಬಳು ನರ್ಸು. ಐದಾರು ಮಂದಿ ಮಾತ್ರ ಇದೇ ಇಸ್ಟೇಟಿನಲ್ಲಿದ್ದಾರೆ, ಲೇಥಿನ ಮೇಲೆ, ವೆಲ್ಡಿಂಗಿನಲ್ಲಿ. ಅವರಲ್ಲಿ ಇಬ್ಬರು ಶೇಠ್‌ಜಿಯ ಕಾರ್ಖಾನೆಯಲ್ಲೇ. ಹೊರಗಿನಿಂದ ಬಂದವರು ಹಬ್ಬಕ್ಕೆ ಊರಿಗೆ ಹೋದರೆ ಕಾರ್ಖಾನೆ ನಿಲ್ಲುತ್ತದೆ, ಇವರಿಬ್ಬರಿದ್ದರೆ ನಿಲ್ಲುವುದಿಲ್ಲ ಎಂದು ಮುದುಕರಾದ ಶೇಠ್‌ಜಿ ಒಮ್ಮೆ ನಮ್ಮವರ ಹತ್ತಿರ ಹೇಳಿದರಂತೆ. ಖೋಲಿಯ ಮಾತು ಎತ್ತಲಿಲ್ಲವಂತೆ.

ಅನಿತ ಐಟಿಐ ಮುಗಿಸಿ ಈಗ ಒಂದು ವಾಲ್ವ್ ಕಾರ್ಖಾನೆಯಲ್ಲಿ ತಪಾಸಣೆಯ ಮೇಲಿನವಳು. ಯಾವ ಮಾಲು ಹೋಗಬೇಕು, ಯಾವುದು ಹೋಗಬಾರದು ಎಂದು ಹೇಳುವವಳು ಅವಳೇ. ಈ ಭಾನುವಾರ ಮೂರು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ಅವಳ ಕಾರ್ಖಾನೆಯಲ್ಲಿ ಕೆಲಸಗಾರರ ಮಕ್ಕಳಿಗೆಂದು ಒಂದು ಖೋಲಿ ಮಾಡುತ್ತಿದ್ದಾರಂತೆ. ಮ್ಯಾನೇಜರು ಟ್ಯಾಬು, ಬೆಂಚು ತರಿಸುತ್ತೇನೆ ಎನ್ನುತ್ತಿದ್ದಾನಂತೆ.

"ಆಂಟೀ, ನೀವs ಬಂದು ಹೇಳಬೇಕು. ಬಂದು ನಡಸಬೇಕು. ನಾಳೆ ಸೋಮವಾರ ಸರ್ ಕರಿಯಾಕತ್ತಾರ," ಎಂದಳು. ಅವಳ ಕನ್ನಡ ನಮ್ಮ ಮುಂದಿನ ಖೋಲಿಯಲ್ಲಿ ಕಲಿತದ್ದು.

"ನಾನೇನು ಟೀಚರೇನವ್ವಾ? ಮೂಗು ಒರಸಾಕಿ," ಎಂದೆ. ಐವತ್ತಾರು ನಡೆಯುತ್ತಿದೆ, ಮಂಡಿ ಹಿಡಿಯುತ್ತದೆ. "ಬರೋದು ಆಗಂಗಿಲ್ಲ. ಏನೇನು ಬೇಕು ಬರದು ಕೊಡ್ತೀನಿ, ಒಯ್ದು ಕೊಡು." ಕಾಗದ ತೆಗೆದುಕೊಂಡು ಒಂದೊಂದೇ ಬರೆದೆ. ಬಟ್ಟೆ ಚೀಲ, ದಪ್ಪ ಬೋಲ್ಟು, ನಟ್ಟು, ಕುದಿಸಲು ಪಾತ್ರೆ, ಅರ.

ಅನಿತ ಓದಿ, "ಬೋಲ್ಟ್ ಯಾಕ ಆಂಟೀ?" ಎಂದಳು.

"ನೀನು ಚೀಲದಾಗ ಕೈ ಹಾಕಿ ಪೋತದಿ, ಪೋದು ಅಂತಿದ್ದಿ. ಅದಕ್ಕs ಅಲ್ಲೇನು ಇವತ್ತು ನೀ ಈ ಕೆಲಸದಾಗ..."

"ಹೌದಾ?" ಎಂದಳು. ಮುಖದಲ್ಲಿ ನಿಜವಾದ ಆಶ್ಚರ್ಯ. "ನನಗ ನೆನಪs ಇಲ್ಲ."

"ತಾಡಪತ್ರಿ ಮ್ಯಾಲಿಂದ ಟೀಚರ್ ಎತ್ತಿದ್ದು? ಎಷ್ಟು ಅತ್ತಿದ್ದಿ!"

"ಇಲ್ಲಾಂಟೀ."

ಇಪ್ಪತ್ತೈದು ವರ್ಷ ಈ ಕಥೆಯನ್ನು ನಾನು ಸಿಕ್ಕವರಿಗೆಲ್ಲ ಹೇಳಿದ್ದೇನೆ. ಈಗ ನಿಮಗೂ ಹೇಳಿದೆ. ನಮ್ಮವರು ಪೇಪರು ಮಡಿಚಿ, "ಆತು, ನಿನ್ನ ಪುರಾಣದ ನಾಯಕೀನs ಕೈ ಕೊಟ್ಲು," ಎಂದರು.

"ಹಂಗಾರ ನಿನಗ ಏನು ನೆನಪೈತಿ?" ಎಂದು ಕೇಳಿದೆ, ಸ್ವಲ್ಪ ಬಿರುಸಾಗಿಯೇ.

ಅನಿತ ಯೋಚಿಸಿದಳು. "ಚಪ್ಪಲಿ," ಎಂದಳು. "ನನಗ ಬಕಲ್ ಹಾಕ್ಕೊಳ್ಳಾಕ ಬರ್ತಿರಲಿಲ್ಲ. ನಮ್ಮಮ್ಮ ಬಂದು ಒದರ್ತಿದ್ಲು, ಮನಿಗೆ ತಡ ಆತು ಅಂತ. ನೀವು ಬಾಗಿಲದಾಗ ನಿಂತು, ಇರಲಿ ಯಾದಮ್ಮಾ, ಹಾಕ್ಕೋತಾಳ ಅಂತಿದ್ರಿ. ಎಷ್ಟ ಹೊತ್ತಾದ್ರೂ ನಿಂದರ್ತಿದ್ರಿ. ನಾನು ನಿಮ್ಮ ಕಾಲs ನೋಡ್ತಿದ್ದೆ, ಹ್ವಾದ್ರೇನೋ ಅಂತ. ನಿಮ್ಮ ಕಾಲು ಅಲ್ಲೇ ಇರ್ತಿತ್ತು."

ನನಗೆ ನೆನಪಿಲ್ಲ. ಎಷ್ಟು ಕೆದಕಿದರೂ ಇಲ್ಲ. ನಿಂತಿರಬಹುದು. ನಿಂತು ಆಗ ನಾನು ಯೋಚಿಸುತ್ತಿದ್ದುದು ಬಹುಶಃ ರಾತ್ರಿಗೆ ಯಾವ ಪಲ್ಯ ಎಂದು. ಇಷ್ಟು ದಿನ ರುಕ್ಮಾಬಾಯಿಯ ಟ್ರಂಕಿಗೆ ಒಪ್ಪಿಸಿದ್ದ ಹಿರಿಮೆಯಲ್ಲಿ ಒಂದಿಷ್ಟು ನನ್ನದೂ ಇತ್ತೆಂದು ಯಾರೂ ಹೇಳಿರಲಿಲ್ಲ. ನಾನೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದನ್ನು ಕಳಿಸಿ ನಾನು ಮನೆಯಲ್ಲಿ ಕೂತರೆ ಅಲ್ಲಿಗೆ ಹೋಗುವುದು ಬರೀ ಬೋಲ್ಟು. ಬಾಗಿಲಲ್ಲಿ ಯಾರು ನಿಲ್ಲುತ್ತಾರೆ?

ಹೊರಡುವ ಹೊತ್ತಾಯಿತು. ಹೊರಗೆ ಕ್ಯಾಬು ಬಂದು ಹಾರನ್ ಹಾಕಿತು. ಅನಿತಳ ಮಗಳು ಹೊಸ್ತಿಲಲ್ಲಿ ಕೂತು ತನ್ನ ಪುಟ್ಟ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಎಡಗಾಲಿನದನ್ನು ಬಲಕ್ಕೆ, ಬಲಗಾಲಿನದನ್ನು ಎಡಕ್ಕೆ. ಹಾಕಿಕೊಂಡು ಎದ್ದು ನಿಂತಳು, ಕಾಲು ನೋಡಿಕೊಂಡಳು, ಮತ್ತೆ ಕುಳಿತು ಎರಡನ್ನೂ ಬಿಚ್ಚತೊಡಗಿದಳು. ಇನ್ನೊಮ್ಮೆ ಹಾರನ್. ಅನಿತ ಬಗ್ಗಲು ಹೋದವಳು ನನ್ನ ಕಡೆ ನೋಡಿ ನೆಟ್ಟಗಾದಳು. ಡ್ರೈವರಿಗೆ ಫೋನ್ ಮಾಡಿ, "ಅನ್ನಾ, ಮೀರು ವೆಳ್ಳಿಪೋಂಡಿ," ಎಂದಳು. ಕ್ಯಾಬು ಹೋದ ಸದ್ದು ಕೇಳಿಸಿತು.

"ಸೋಮವಾರ ಎಷ್ಟು ಗಂಟೇಕ ಬರಲಿ?" ಎಂದು ಕೇಳಿದೆ.

ಅನಿತ ಬಾಯಿ ತೆರೆಯುವ ಮೊದಲೇ, ಬಕಲಿನಿಂದ ಕಣ್ಣೆತ್ತದೆ ಮಗು, "ಆಗುಂಡ್ರಿ!" ಎಂದು ತೆಲುಗಿನಲ್ಲಿ ನಮ್ಮಿಬ್ಬರಿಗೂ ಕಾಯಲು ಹೇಳಿತು.

ಕಾದೆವು.